ವಿದ್ಯುತ್ ವಾದ್ಯಗಳೂ ಕಲ್ಪನಾಶಕ್ತಿಯೂ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಾಗಲಿ, ತಿರುಮಕೂಡಲು ನರಸೀಪುರದ ಸಂಗಮದ ದಂಡೆಯಲ್ಲಾಗಲಿ ಕಿವಿಗೊಟ್ಟು ನಿಂತವರಿಗೆ ಎರಡು ಬಗೆಯ ನಾದಗಳು ಕೇಳಿಬರುವುದುಂಟು. ಒಂದು, ದೇವರಗುಡ್ಡರ ಕಂಸಾಳೆಯದು, ನೀಲಗಾರರ ತಂಬೂರಿಯದು. ಇನ್ನೊಂದು, ಧ್ವನಿವರ್ಧಕದಿಂದ ಹೊರಡುವ ಗಿಟಾರಿನದು, ಗಣಕಯಂತ್ರದಲ್ಲಿ ಹೆಣೆದ ತಾಳದ್ದು. ಮನೆಗೆ ಮರಳಿದ ಮೇಲೆ ವಾದ ಮೊದಲಾಗುವುದು. “ಗುಂಡಿ ಒತ್ತಿದರೆ ತಾನೇ ನುಡಿಯುವುದರಲ್ಲಿ ವಿದ್ಯೆ ಎಲ್ಲಿ ಬಂತಪ್ಪ?” ಎಂದು ತಾತ ಕೇಳುತ್ತಾರೆ. “ನೀವು ಪೂರ್ತಿ ಕೇಳಿಯೇ ಇಲ್ಲವಲ್ಲ ತಾತ” ಎಂದು ಮೊಮ್ಮಗ ಮುನಿಯುತ್ತಾನೆ. ಅಭಿರುಚಿಯ ಜಗಳವನ್ನು ವಿಜ್ಞಾನವು ತೀರಿಸಲಾರದು. ಆದರೆ ಯಂತ್ರವು ಮಾಡುವುದೆಷ್ಟು, ಮನುಷ್ಯನು ಮಾಡುವುದೆಷ್ಟು ಎಂಬುದನ್ನು ಅದು ಬಿಡಿಸಿ ತೋರಿಸಬಲ್ಲದು. ಅಷ್ಟನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ನಾದದ ಸ್ವರೂಪವನ್ನು ನೆನೆಯಬೇಕು. ಮೀಟಿದ ತಂತಿಯು ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ಇಡೀ ತಂತಿ ಸೆಕೆಂಡಿಗೆ 200 ಸಲ ಕಂಪಿಸುತ್ತಿರುವಾಗಲೇ ಅದರ ಅರ್ಧಭಾಗಗಳು 400 ಸಲ, ಮೂರನೆಯ ಒಂದು ಭಾಗಗಳು 600 ಸಲ, ಹೀಗೆ ಕಂಪಿಸುತ್ತಿರುವುವು. ಮೊದಲನೆಯದು ಮೂಲಸ್ವರ, ಉಳಿದುವು ಉಪಸ್ವರಗಳು. ಒಂದೇ ಷಡ್ಜವನ್ನು ವೀಣೆಯೂ ಕೊಳಲೂ ನುಡಿಸಿದಾಗ ನಾವು ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದು ಬಹುಮಟ್ಟಿಗೆ ಈ ಉಪಸ್ವರಗಳ ಹೆಚ್ಚು ಕಡಮೆಯಿಂದ. ಕಂಸಾಳೆಯಂತಹ ಕಂಚಿನ ತಟ್ಟೆಗಳಲ್ಲಿಯಾದರೋ ಉಪಸ್ವರಗಳು ಎರಡು ಪಟ್ಟು, ಮೂರು ಪಟ್ಟು ಎಂಬ ಸರಳ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅದರಿಂದಲೇ ಅವುಗಳಿಗೆ ಲೋಹದ ಝೇಂಕಾರ ಬಂದಿದೆ.

ವಾದ್ಯವನ್ನು ಬದಲಾಯಿಸುವುದು ಇಂದಿನ ತರುಣರು ಕಂಡುಕೊಂಡ ಹೊಸ ಚಾಳಿಯೇನೂ ಅಲ್ಲ. ಇದಕ್ಕೆ ಸಾಕ್ಷಿ ತಿರುಮಕೂಡಲಿನಲ್ಲಿಯೇ ದೊರೆಯುವುದು. ಆ ಊರಿನವರಾದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು, 1927ರ ಸುಮಾರಿಗೆ ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಧ್ವನಿವರ್ಧಕಗಳು ಅಪರೂಪವಾಗಿದ್ದ ಕಾಲವದು. ಕೊನೆಯ ಸಾಲಿನ ಶ್ರೋತೃವಿಗೂ ನಾದ ಮುಟ್ಟಬೇಕೆಂಬುದು ಅವರ ಉದ್ದೇಶವಾಗಿದ್ದಿತು.

ಇಲ್ಲೊಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ಒಂದು ತಂತಿಯ ಜಾಗದಲ್ಲಿ ಎರಡು ತಂತಿಗಳು ನುಡಿದು, ಹೊರಬೀಳುವ ಧ್ವನಿಶಕ್ತಿ ಇಮ್ಮಡಿಯಾಯಿತೆಂದೇ ಉದಾರವಾಗಿ ಎಣಿಸಿದರೂ ಹೆಚ್ಚುವುದು ಸುಮಾರು 3 ಡೆಸಿಬೆಲ್ ಮಾತ್ರ. ಬಯಲಿನಲ್ಲಿ ದೂರವು ಇಮ್ಮಡಿಯಾದಾಗ ಧ್ವನಿ 6 ಡೆಸಿಬೆಲ್ ಕುಗ್ಗುವುದು. ಆದುದರಿಂದ ಮೊದಲು 10 ಗಜ ದೂರದಲ್ಲಿ ಕೇಳುತ್ತಿದ್ದಷ್ಟೇ ಧ್ವನಿ ಈಗ 14 ಗಜ ದೂರದಲ್ಲಿ ಕೇಳೀತು. ಕಿವಿಗೆ ಇಮ್ಮಡಿ ಜೋರೆನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಆದ್ದರಿಂದ ಹೆಚ್ಚಿನ ತಂತಿಗಳ ಲಾಭ ಬರಿಯ ಗಟ್ಟಿತನವಾಗಿರಲಾರದು. ಜೊತೆಗೂಡಿ ನುಡಿಯುವ ತಂತಿಗಳ ಉಪಸ್ವರಗಳು ಬೆರೆತು ನಾದಕ್ಕೆ ಗಾತ್ರ ಬರುವುದು. ಆದರೆ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅದೇ ತಂತಿಗಳು ಅಲೆಯಲೆಯಾಗಿ ಕಾದಾಡುವುವು. ಏಳು ತಂತಿಗಳು ಸುಖವಾಗಿ ನುಡಿದುದು ಅವುಗಳನ್ನು ಆಳಿದ ಕಿವಿ ಮತ್ತು ಬೆರಳುಗಳಿಂದ. 1967ರಲ್ಲಿ ಚೌಡಯ್ಯನವರು ತೀರಿಕೊಂಡರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಕಟ್ಟಿದ ಭವನಕ್ಕೆ ಪಿಟೀಲಿನ ಆಕಾರವನ್ನೇ ಕೊಟ್ಟಿದ್ದಾರೆ.

ಇನ್ನು ವಿದ್ಯುತ್ ಗಿಟಾರನ್ನು ನೋಡೋಣ. 1932ರ ವೇಳೆಗೆ ಅಮೆರಿಕದಲ್ಲಿ ಇದು ಮಾರಾಟಕ್ಕೆ ಬಂದಿದ್ದಿತು. ಉಕ್ಕಿನ ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಅದುರಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿದು, ಫ್ಯಾರಡೆಯು 1831ರಲ್ಲಿ ಕಂಡ ನಿಯಮದಂತೆ, ಕಿರಿದಾದ ವಿದ್ಯುತ್ಪ್ರವಾಹ ಹುಟ್ಟುವುದು. ಪ್ರವರ್ಧಕವು ಅದನ್ನು ಬೆಳೆಸುವುದು. ಪ್ರವರ್ಧಕಕ್ಕೆ ತನ್ನ ಶಕ್ತಿ ಮೀರಿ ಕೆಲಸ ಕೊಟ್ಟರೆ ಅಲೆಯ ನೆತ್ತಿಗಳು ಕತ್ತರಿಸಿದಂತೆ ಚಪ್ಪಟೆಯಾಗುವುವು. ಆಗ ಮೂಲದಲ್ಲಿಲ್ಲದ ಹೊಸ ಉಪಸ್ವರಗಳು ಹುಟ್ಟುತ್ತವೆ. ರಾಕ್ ಸಂಗೀತದ ಒರಟು ದನಿಯ ಗುಟ್ಟು ಇದೇ.

ಈ ಒರಟಿನಲ್ಲಿಯೂ ಒಂದು ಲೆಕ್ಕಾಚಾರವಿದೆ. ಸೆಕೆಂಡಿಗೆ 200 ಕಂಪನಗಳ ಷಡ್ಜವನ್ನೂ 300 ಕಂಪನಗಳ ಪಂಚಮವನ್ನೂ ಒಟ್ಟಿಗೆ ನುಡಿಸಿದರೆ, ಚಪ್ಪಟೆಯಾದ ಅಲೆಯಲ್ಲಿ ಅವುಗಳ ವ್ಯತ್ಯಾಸವಾದ 100, ಮೊತ್ತವಾದ 500 ಮೊದಲಾದ ಸ್ವರಗಳು ಹುಟ್ಟುವುವು. ಎಲ್ಲವೂ 100ರ ಮಗ್ಗಿಯವೇ ಆದುದರಿಂದ ಒಂದಕ್ಕೊಂದು ಹೊಂದಿಕೊಳ್ಳುವುವು. ಗಿಟಾರಿನ ಪಂಚಮ ನಿಜವಾಗಿ 299.7ರಷ್ಟು, ಆ ಕೊರತೆ ಕಿವಿಗೆ ತೋರುವುದಿಲ್ಲ. ಆದರೆ ಅದೇ ಗಿಟಾರಿನ ಅಂತರಗಾಂಧಾರ 250ರ ಬದಲು 252 ಆಗಿರುವುದು. ಷಡ್ಜದ ಐದನೆಯ ಪಟ್ಟು 1000. ಈ ಗಾಂಧಾರದ ನಾಲ್ಕನೆಯ ಪಟ್ಟು 1008. ಎರಡೂ ಸೇರಿ ಸೆಕೆಂಡಿಗೆ 8 ಸಲ ಅದುರುವುವು. ಸೌಮ್ಯವಾದ ನಾದದಲ್ಲಿ ಅಡಗಿರುವ ಈ ಅದುರು, ಉಪಸ್ವರಗಳು ಉಬ್ಬಿದ ಒರಟು ನಾದದಲ್ಲಿ ಎದ್ದು ಕಾಣುವುದು. ಆದುದರಿಂದಲೇ ರಾಕ್ ವಾದಕರು ಇಂತಹ ಕಡೆ ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳನ್ನೇ ಹೆಚ್ಚಾಗಿ ಹಿಡಿಯುವರು. ಗದ್ದಲವೆಂದು ನಾವು ತಳ್ಳಿಹಾಕುವಲ್ಲಿಯೂ ಆಯ್ದುಕೊಳ್ಳುವ ಕಿವಿಯೊಂದಿದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರು 2008ರ ತಮ್ಮ ಮೊದಲ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಷರೀಫರ ತತ್ತ್ವಪದವನ್ನು ಗಿಟಾರಿನೊಡನೆ ಹಾಡಿದಾಗ, ಹಳೆಯ ಪದಕ್ಕೆ ಎಂತಹ ನಾದದ ಉಡುಗೆ ಒಪ್ಪೀತೆಂಬ ಇಂತಹುದೇ ಆಯ್ಕೆ ಅವರ ಮುಂದಿದ್ದಿತು.

ಗಿಟಾರಿನಲ್ಲಿ ತಂತಿಯಾದರೂ ಇದೆ. ಪೂರ್ಣ ವಿದ್ಯುನ್ಮಾನ ಸಂಗೀತದಲ್ಲಿ ಅದೂ ಇಲ್ಲ. 1964ರಲ್ಲಿ ರಾಬರ್ಟ್ ಮೂಗ್ ಎಂಬವರು ರೂಪಿಸಿದ ಸಿಂಥಸೈಸರಿನಲ್ಲಿ ಒಂದು ಮಂಡಲ ಅಲೆಯನ್ನು ಹುಟ್ಟಿಸುವುದು. ಇನ್ನೊಂದು ಬೇಡದ ಉಪಸ್ವರಗಳನ್ನು ಸೋಸುವುದು. ಮತ್ತೊಂದು ನಾದದ ಹುಟ್ಟು, ನಿಲುವು, ಅಳಿವುಗಳನ್ನು ತಿದ್ದುವುದು. ಕಂಸಾಳೆಯಂತಹ ಲೋಹನಾದವನ್ನು ಕಟ್ಟಬೇಕೆಂದರೆ ಸರಳ ಪಟ್ಟಿಗೆ ಸಿಕ್ಕದ ಉಪಸ್ವರಗಳನ್ನು ಬೇಕೆಂದೇ ಸೇರಿಸಬೇಕು. ಯಂತ್ರಕ್ಕೆ ಇದಾವುದೂ ತಾನಾಗಿ ತಿಳಿಯದು.

“ಅದು ಹೇಳಿದ್ದನ್ನೇ ಹೇಳುವುದಲ್ಲ!” ಎಂಬ ಆಕ್ಷೇಪ ಉಳಿಯಿತು. ಆದರೆ ನಮ್ಮ ತಂಬೂರಿ ಮಾಡುವುದಾದರೂ ಏನು? ಕಚೇರಿ ಮುಗಿಯುವ ತನಕ ಅದೇ ಶ್ರುತಿಯನ್ನು ಮತ್ತೆ ಮತ್ತೆ ನುಡಿಯುವುದು. ಆದರೂ ಆ ನಾದ ಬೇಸರ ತರುವುದಿಲ್ಲ. ಸಾಮಾನ್ಯ ನಿಯಮದಂತೆ ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಬಾರದು. ತಂಬೂರಿಯಲ್ಲಿ ಮಾತ್ರ, ಬಾಗಿದ ಕುದುರೆಯ ಮೇಲೆ ಎಳೆಯನ್ನಿಟ್ಟು ಜೀವಾಳ ಕಟ್ಟುವುದರಿಂದ, ಅವೂ ಎದ್ದು ನುಡಿಯುವುವೆಂದು ಸಿ. ವಿ. ರಾಮನ್ನರು 1921ರಲ್ಲಿಯೇ ತೋರಿಸಿದರು. ಕೊಳಲುವಾದಕರೂ ಎಂಜಿನಿಯರರೂ ಆದ ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1970ರ ದಶಕದ ಕೊನೆಯಿಂದ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನೂ ಅನಂತರ ತಂಬೂರಿಯನ್ನೂ ತಯಾರಿಸಿದರು. ಇಂದು ಗುಂಡಿ ಒತ್ತಿದರೆ ನುಡಿಯುವ ಶ್ರುತಿಯನ್ನು ವಿದ್ವಾಂಸರೂ ಮುಂದಿಟ್ಟುಕೊಂಡು ಹಾಡುವರು. ಅವರಿಗೆ ಮನೋಧರ್ಮವಿಲ್ಲವೆಂದು ಯಾರೂ ಹೇಳರು. ಆದುದರಿಂದ ಪುನರಾವರ್ತನೆಯಾಗಲಿ ಗುಂಡಿಯಾಗಲಿ ದೋಷವಲ್ಲ. ಅದರ ಮೇಲೆ ಏನನ್ನು ಕಟ್ಟಿದ್ದಾರೆ ಎಂಬುದೇ ಪ್ರಶ್ನೆ.

ಹಾಗೆಂದು ತಾತನ ಮಾತೆಲ್ಲ ಹುಸಿಯಲ್ಲ. ಯಾರೋ ಕಟ್ಟಿಟ್ಟ ತಾಳದ ತುಣುಕನ್ನು ತಂದು, ಏನನ್ನೂ ಮಾರ್ಪಡಿಸದೆ ಅಂಟಿಸಿ, ಧ್ವನಿಯನ್ನೇರಿಸಿ ಬಿಡುವುದೂ ನಡೆದಿದೆ. ಕಂಠಪಾಠ ಮಾಡಿದ ಸಂಗತಿಗಳನ್ನು ಮನೋಧರ್ಮವೆಂದು ಒಪ್ಪಿಸುವ ಗಾಯನದಂತೆಯೇ ಅದೂ ಜೊಳ್ಳು. ಸೃಷ್ಟಿಯ ಗುರುತು ಆಯ್ಕೆ: ಹೀಗಲ್ಲದೆ ಹಾಗೂ ಮಾಡಬಹುದಾಗಿದ್ದಲ್ಲಿ, ಕೇಳಿ ನೋಡಿ, ಹೀಗೇ ಇರಲಿ ಎಂದು ನಿಶ್ಚಯಿಸುವುದು. ವಾದ್ಯ ಯಾವುದಾದರೂ ಈ ಒರೆಗಲ್ಲು ಒಂದೇ.

ಮನೆಯಲ್ಲಿ ಮೆಚ್ಚಿನ ಹಾಡುಗಳನ್ನು ಹಂಚಿಕೊಳ್ಳುವವರಿಗೆ ಮೂರು ಸೂಚನೆಗಳನ್ನು ಕೊಡಬಯಸುತ್ತೇವೆ. ಮೊದಲನೆಯದು, ಎರಡು ಹಾಡುಗಳನ್ನೂ ಸಮನಾದ ಗಟ್ಟಿತನದಲ್ಲಿ ಕೇಳಬೇಕು. ಮೆಲುದನಿಯಲ್ಲಿ ಕಿವಿ ಮಂದ್ರ ನಾದಗಳನ್ನು ಅಷ್ಟಾಗಿ ಹಿಡಿಯದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದ್ದಾರೆ. ಜೋರಾಗಿ ಹಾಕಿದ್ದು ಸುಮ್ಮನೆ ತುಂಬಾಗಿ ಕೇಳಿಸುವುದು. ಎರಡನೆಯದು, ಒಂದೇ ಹಾಡನ್ನು ಮೂರು ಸಲ ಕೇಳಬೇಕು: ಒಮ್ಮೆ ರಾಗಕ್ಕೆ, ಒಮ್ಮೆ ಲಯಕ್ಕೆ, ಒಮ್ಮೆ ಬರಿಯ ನಾದಗುಣಕ್ಕೆ. ಮೂರನೆಯದು, “ಇಲ್ಲಿ ಮಾಡಿದವರು ಏನನ್ನು ಆಯ್ದುಕೊಂಡರು?” ಎಂದು ತಂದವರನ್ನೇ ಕೇಳಬೇಕು. ಉತ್ತರ ಬಂದರೆ ತಾತನಿಗೆ ಲಾಭ. ಬಾರದಿದ್ದರೆ ಮೊಮ್ಮಗನಿಗೆ ಪಾಠ. ಅದೇ ಪ್ರಶ್ನೆಯನ್ನು ತಾತನ ಕೀರ್ತನೆಗೂ ಕೇಳುವ ಹಕ್ಕು ಮೊಮ್ಮಗನಿಗಿದೆ.

ಕೊನೆಗೊಂದು ಎಚ್ಚರಿಕೆ. ಚೌಡಯ್ಯನವರ ಕಾಲದಲ್ಲಿ ನಾದವನ್ನು ಕೊನೆಯ ಸಾಲಿಗೆ ಮುಟ್ಟಿಸುವುದು ಕಷ್ಟವಾಗಿತ್ತು; ಇಂದು ಅದನ್ನು ಮಿತಿಯಲ್ಲಿಡುವುದು ಕಷ್ಟವಾಗಿದೆ. ಪ್ರವರ್ಧಕದ ಶಕ್ತಿಯನ್ನು ನೂರ್ಮಡಿ ಮಾಡಿದರೆ 20 ಡೆಸಿಬೆಲ್ ಏರುವುದು; ಕಂಸಾಳೆಯವರ ಕೈಗೆ ಅಂತಹ ಅನುಕೂಲವಿಲ್ಲ. ಅತಿಯಾದ ಧ್ವನಿಯಿಂದ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ವಾದದಲ್ಲಿ ಗೆಲ್ಲುವವರು ಯಾರೇ ಆಗಲಿ, ಮುಂದಿನ ಹಾಡನ್ನು ಕೇಳಲು ಇಬ್ಬರಿಗೂ ಕಿವಿ ಉಳಿದಿರಬೇಕಷ್ಟೆ.