ಅಕ್ಷರಕ್ರಮ ಮತ್ತು ಗಣಕಯಂತ್ರ: ಒಂದು ಟಿಪ್ಪಣಿ

ನಿಘಂಟಿನ ಉಪಯುಕ್ತತೆಯು ಅದರ ಶಬ್ದಸಂಪತ್ತನ್ನು ಮಾತ್ರವಲ್ಲದೆ ಶಬ್ದಗಳನ್ನು ಜೋಡಿಸಿದ ಕ್ರಮವನ್ನೂ ಅವಲಂಬಿಸಿರುತ್ತದೆ. ಕ್ರಮ ತಪ್ಪಿದಲ್ಲಿ ಇರುವ ಶಬ್ದವೂ ಇಲ್ಲದಂತೆಯೇ ಸರಿ. ಈ ಕ್ರಮವನ್ನು ಗಣಕಯಂತ್ರಕ್ಕೆ ತಿಳಿಸುವ ಬಗೆ ಯಾವುದೆಂಬುದು ಪ್ರಸ್ತುತ ವಿಚಾರ.

ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ವಿನ್ಯಾಸವನ್ನು ಅದು ಅನುಸರಿಸಿರುವುದರಿಂದ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ನಿಂತಿದೆ. ಕನ್ನಡ ವರ್ಣಮಾಲೆಯಲ್ಲಿಯಾದರೋ ಳಕಾರವು ಹಕಾರದ ಅನಂತರ ಬರುತ್ತದೆ. ಗೋದಾವರಿಯ ದಡದ ನಾಸಿಕದಲ್ಲಿ ಮಕ್ಕಳು ಕಲಿಯುವ ಮರಾಠಿ ವರ್ಣಮಾಲೆಯ ರೂಢಿಯೂ ಇದೇ. ಸಂಖ್ಯೆಯನ್ನೇ ನೆಚ್ಚಿದ ಯಂತ್ರವು ‘ಕಲಹ, ಕಳಸ, ಕವಿ, ಕಹಳೆ’ ಎಂದು ಜೋಡಿಸುತ್ತದೆ. ಓದುಗನು ಹುಡುಕುವುದು ‘ಕಲಹ, ಕವಿ, ಕಹಳೆ, ಕಳಸ’ ಎಂಬ ಕ್ರಮದಲ್ಲಿ.

ಹಳಗನ್ನಡದ ೞಕಾರದ ಸ್ಥಿತಿ ಇನ್ನೂ ವಿಚಿತ್ರವಾದುದು. ಳಕಾರದ ಪಕ್ಕದ ಸ್ಥಾನವು ಬರಿದಾಗಿಯೇ ಉಳಿದಿದ್ದು, ೞಕಾರಕ್ಕೆ ಬಹುತೇಕ ಸ್ವರಚಿಹ್ನೆಗಳು ಮುಗಿದ ಮೇಲೆ ಎಡೆ ದೊರೆತಿದೆ. ಹೀಗಾಗಿ ಖಡ್ಗವೆಂಬ ಅರ್ಥದ ‘ಬಾಳ್’ ಮತ್ತು ಜೀವಿಸು ಎಂಬ ಅರ್ಥದ ‘ಬಾೞ್’ ಇವುಗಳ ನಡುವೆ ‘ಬಾವಿ’, ‘ಬಾಹು’ಗಳು ಬಂದು ಸೇರುತ್ತವೆ.

ಇದಕ್ಕೆ ಪರಿಹಾರವು ಸಂಖ್ಯೆಗಳನ್ನು ಬದಲಿಸುವುದರಲ್ಲಿಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸಿದರೆ ಅದುವರೆಗೆ ಬರೆದ ಕಡತಗಳೆಲ್ಲ ಕೆಡುತ್ತವೆ. ಅಕ್ಷರದ ಗುರುತು ಬೇರೆ, ಅದರ ಆದ್ಯತೆ ಬೇರೆ ಎಂಬ ವಿವೇಕವೇ ಇಲ್ಲಿನ ತತ್ತ್ವ. ಯೂನಿಕೋಡಿನ ವಿಂಗಡಣೆಯ ವಿಧಾನವು ಪ್ರತಿಯೊಂದು ಅಕ್ಷರಕ್ಕೂ ಹಲವು ಹಂತಗಳ ತೂಕವನ್ನು ಪ್ರತ್ಯೇಕ ಪಟ್ಟಿಯಲ್ಲಿ ಕೊಡುತ್ತದೆ. ಯಂತ್ರವು ಮೊದಲು ಎರಡು ಶಬ್ದಗಳ ಮೊದಲ ಹಂತದ ತೂಕಗಳನ್ನು ಹೋಲಿಸುತ್ತದೆ. ಅವು ಪೂರ್ತಿ ಸಮವಾದಾಗ ಮಾತ್ರ ಎರಡನೆಯ ಹಂತವನ್ನು ನೋಡುತ್ತದೆ. ಆಯಾ ಭಾಷೆಯ ರೂಢಿಗೆ ತಕ್ಕಂತೆ ಈ ಪಟ್ಟಿಯನ್ನು ತಿದ್ದಿಕೊಳ್ಳುವ ಅವಕಾಶವೂ ಉಂಟು.

ಭಾಷಾವಿದ್ವಾಂಸನ ಹೊಣೆ ಆರಂಭವಾಗುವುದು ಇಲ್ಲಿಯೇ. ೞಕಾರ ಳಕಾರಗಳಿಗೆ ಮೊದಲ ಹಂತದಲ್ಲಿಯೇ ಭೇದವನ್ನು ಕಲ್ಪಿಸಿದರೆ ಎರಡೂ ಸ್ವತಂತ್ರ ವರ್ಣಗಳಾಗಿ ನಿಲ್ಲುತ್ತವೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದುವವನಿಗೆ ಇದು ಸಮ್ಮತ. ಭೇದವನ್ನು ಎರಡನೆಯ ಹಂತಕ್ಕೆ ಇಳಿಸಿದರೆ ‘ಬಾಳ್’, ‘ಬಾೞ್’ ಅಕ್ಕಪಕ್ಕದಲ್ಲಿ ಬರುತ್ತವೆ. ೞಕಾರವು ಳಕಾರದಲ್ಲಿ ಲೀನವಾದ ಮೇಲಿನ ಕನ್ನಡವನ್ನಷ್ಟೇ ಬಲ್ಲ ವಿದ್ಯಾರ್ಥಿಗೆ ಇದು ಅನುಕೂಲ. ಱಕಾರ ರಕಾರಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ.

ಎರಡರಲ್ಲಿ ಯಾವುದು ಸರಿಯೆಂಬುದನ್ನು ಯಂತ್ರವು ಹೇಳಲಾರದು. ಕೊಟ್ಟ ಕ್ರಮವನ್ನು ಅದು ತಪ್ಪದೆ ಪಾಲಿಸುತ್ತದೆ, ಅಷ್ಟೆ. ಆ ಕ್ರಮವನ್ನು ನಿರ್ಣಯಿಸುವ ಕೆಲಸವನ್ನು ಕನ್ನಡ ವಿದ್ವತ್ತು ಕೈಬಿಟ್ಟರೆ, ಕನ್ನಡವನ್ನರಿಯದವರ ನಿರ್ಣಯವೇ ನಮ್ಮ ನಿಘಂಟುಗಳ ಕ್ರಮವಾಗಿ ನಿಲ್ಲುತ್ತದೆ.