ಪೇಂಟಿನ ಹದಕ್ಕೂ ಪೇಟೆಂಟೇ?

ಪ್ರಶ್ನೆ: ಡಬ್ಬಿಯಲ್ಲಿ ಗಟ್ಟಿಯಾಗಿರುವ ಎಮಲ್ಷನ್ ಪೇಂಟ್ ಬ್ರಷ್ ಆಡಿಸಿದಾಗ ಸಲೀಸಾಗಿ ಹರಡುತ್ತದೆ. ಅದಕ್ಕೆ ಬೆರೆಸುವ ಗಟ್ಟಿಕಾರಕಗಳಿಗೂ ಕಂಪನಿಗಳು ಪೇಟೆಂಟ್ ಪಡೆದಿವೆಯಂತೆ. ಹಿಟ್ಟು ಹಾಕಿದರೆ ಗಂಜಿ ಗಟ್ಟಿಯಾಗುತ್ತದೆ. ಇದರಲ್ಲಿ ಹೊಸ ಶೋಧ ಏನಿದೆ?

ಉತ್ತರ: ಗಟ್ಟಿ ಮಾಡುವುದರ ಮೇಲೆ ಯಾರಿಗೂ ಹಕ್ಕಿಲ್ಲ. ಪೇಟೆಂಟ್ ಸಿಗುವುದು ಗಟ್ಟಿ ಮಾಡುವ ಹೊಸ ಪದಾರ್ಥಕ್ಕೆ, ಹೊಸ ವಿಧಾನಕ್ಕೆ. ಫಿಲಡೆಲ್ಫಿಯಾದ ರೋಮ್ ಅಂಡ್ ಹಾಸ್ ಕಂಪನಿಯ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ.

ನೀರಿನಲ್ಲಿ ಕಲಸಿದ ಪೇಂಟಿಗೆ ಸೆಲ್ಯುಲೋಸ್‌ನಿಂದ ತಯಾರಾದ ಪುಡಿ ಹಾಕುವುದು ಹಳೆಯ ರೂಢಿ. ಈಗಲೂ ಅದು ಬಳಕೆಯಲ್ಲಿದೆ. ಅದರ ಉದ್ದನೆಯ ಅಣುಗಳು ನೀರು ಹೀರಿ ಉಬ್ಬಿ, ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಆದರೆ ಅಂಥ ಪೇಂಟ್ ರೋಲರ್ ಉರುಳಿಸಿದಾಗ ಸಿಡಿಯುತ್ತದೆ, ಬ್ರಷ್ಷಿನ ಗೆರೆಗಳು ಗೋಡೆಯಲ್ಲಿ ಉಳಿದುಬಿಡುತ್ತವೆ. ಸೂಕ್ಷ್ಮಜೀವಿಗಳ ಕಿಣ್ವಗಳು ಆ ಅಣುಗಳನ್ನು ತುಂಡರಿಸಿದರಂತೂ ಪೇಂಟ್ ಡಬ್ಬಿಯಲ್ಲೇ ನೀರಾಗುತ್ತದೆ.

1978ರಲ್ಲಿ ಕಂಪನಿಗೆ ದೊರೆತ ಅಮೆರಿಕದ ಪೇಟೆಂಟ್ 4,079,028 ಬೇರೆಯೇ ದಾರಿ ಹಿಡಿಯಿತು. ಶೋಧಕರು ಎಮನ್ಸ್ ಮತ್ತು ಸ್ಟೀವನ್ಸ್. ನೀರಿಗೆ ಒಗ್ಗುವ ಪಾಲಿಈಥರ್ ಸರಪಳಿಗಳನ್ನು ಯುರೆಥೇನ್ ಕೊಂಡಿಗಳಿಂದ ಬೆಸೆದು, ಅದರಲ್ಲಿ ನೀರನ್ನು ಒಲ್ಲದ ತುಣುಕುಗಳನ್ನು ಸೇರಿಸಿದರು. ಈ ತುಣುಕುಗಳು ನೀರಿನಿಂದ ತಪ್ಪಿಸಿಕೊಳ್ಳಲು ಪರಸ್ಪರ ಗುಂಪುಗೂಡುತ್ತವೆ, ಪೇಂಟಿನ ಪಾಲಿಮರ್ ಕಣಗಳಿಗೂ ಅಂಟಿಕೊಳ್ಳುತ್ತವೆ. ಡಬ್ಬಿಯ ತುಂಬ ಒಂದು ಜಾಲ ಹೆಣೆದುಕೊಳ್ಳುತ್ತದೆ. ಬ್ರಷ್ ಎಳೆದಾಗ ಜಾಲ ಸಡಿಲವಾಗುತ್ತದೆ, ಕೈ ನಿಂತ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ತೀರಾ ಬೇಗ ಕೂಡಿದರೆ ಗೆರೆ ಉಳಿಯುತ್ತದೆ. ತಡವಾದರೆ ಪೇಂಟ್ ಗೋಡೆಯಲ್ಲಿ ಇಳಿಯುತ್ತದೆ. ಆ ಹದವನ್ನು ಅಣುವಿನ ರಚನೆಯಿಂದಲೇ ಸಾಧಿಸಲು ಹೊರಟದ್ದು ನನ್ನ ಮಟ್ಟಿಗೆ ನಿಜವಾದ ಶೋಧ.

ಅದೇ ಕಂಪನಿಯ 1984ರ ಇನ್ನೊಂದು ಪೇಟೆಂಟಿನಲ್ಲಿ ವಿವರಿಸಿದ ಪಾಲಿಮರ್ ಕಣ ನನಗೆ ಇನ್ನೂ ಸೋಜಿಗ. ಪೇಂಟ್ ಒಣಗಿದಂತೆ ಕಣದೊಳಗಿನ ನೀರು ಹೊರಬಿದ್ದು ಗಾಳಿಯ ಪೊಳ್ಳು ಉಳಿಯುತ್ತದೆ, ಆ ಪೊಳ್ಳು ಬೆಳಕನ್ನು ಚದುರಿಸುತ್ತದೆ. ಪೇಂಟಿಗೆ ಬಿಳುಪು ಕೊಡುವ ದುಬಾರಿ ಟೈಟಾನಿಯಂ ಡೈಆಕ್ಸೈಡ್‌ನ ಒಂದು ಪಾಲನ್ನು ಹೀಗೆ ಉಳಿಸಬಹುದು.

ನಿಮ್ಮ ಗಂಜಿಯ ಪ್ರಶ್ನೆಗೆ ನಮ್ಮ ಕಾನೂನೂ ಉತ್ತರ ಕೊಟ್ಟಿದೆ. ಭಾರತದ 1970ರ ಪೇಟೆಂಟ್ ಕಾಯಿದೆಯ 3(ಇ) ಕಲಮಿನಂತೆ, ಘಟಕಗಳ ಗುಣಗಳನ್ನು ಒಟ್ಟುಗೂಡಿಸುವುದಕ್ಕಿಂತ ಹೆಚ್ಚೇನೂ ಮಾಡದ ಬರಿಯ ಮಿಶ್ರಣಕ್ಕೆ ಪೇಟೆಂಟ್ ಇಲ್ಲ. ಬೆರೆಸಿದ್ದರಿಂದ ಬಿಡಿ ಘಟಕಗಳಲ್ಲಿರದ ಪರಿಣಾಮ ಹುಟ್ಟಿತೆಂದು ಅರ್ಜಿದಾರರೇ ತೋರಿಸಬೇಕು.

ಪೇಟೆಂಟ್ ಪಡೆಯುವವರು ತಯಾರಿಕೆಯ ವಿಧಾನವನ್ನು ಬರೆದುಕೊಡಲೇಬೇಕು. 1978ರಲ್ಲಿ ಅಮೆರಿಕದಲ್ಲಿ ಹಕ್ಕಿನ ಅವಧಿ ಮಂಜೂರಾದ ದಿನದಿಂದ 17 ವರ್ಷ. ಹಾಗಾಗಿ 1978ರ ಆ ಹಕ್ಕು ಮುಗಿದು ದಶಕಗಳೇ ಕಳೆದಿವೆ. ಅದರಲ್ಲಿ ವಿವರಿಸಿದ ಪದಾರ್ಥವನ್ನು ಇಂದು ಬೇರೆಯವರೂ ತಯಾರಿಸಬಹುದು. 2009ರಲ್ಲಿ ರೋಮ್ ಅಂಡ್ ಹಾಸನ್ನು ಕೊಂಡ ಡೌ ಕಂಪನಿ ಆ ಹಳೆಯ ಪೇಟೆಂಟ್ ತೋರಿಸಿ ತಡೆಯಲಾರದು.