ಹೊರಗೆ ಮುಚ್ಚಿದೆ, ಒಳಗೆ?

*ನನಗೆ 33 ವರ್ಷ. ಊರು ಹಾಸನದ ಹತ್ತಿರ. ಮದುವೆಯಾಗಿ ಬಂದು ಆರು ವರ್ಷದಿಂದ ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್‌ನಲ್ಲಿದ್ದೇವೆ. ನಾಲ್ಕು ವರ್ಷದ ಹಿಂದೆ ಕ್ರೋನ್ಸ್ ಕಾಯಿಲೆ ಅಂದರು. ಆಮೇಲೆ ಗುದದ್ವಾರದ ಪಕ್ಕ ಕುರು ಎದ್ದು, ಒಡೆದು, ಫಿಸ್ಟುಲಾ ಆಯಿತು. ಆಪರೇಷನ್ ಮಾಡಿ ದಾರ ಹಾಕಿದರು, ಕೆಲವು ತಿಂಗಳು ಬಿಟ್ಟು ತೆಗೆದರು. 14 ತಿಂಗಳಿಂದ ಎಂಟು ವಾರಕ್ಕೊಮ್ಮೆ ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್ ನಡೆಯುತ್ತಿದೆ. ಈಗ ಐದು ತಿಂಗಳಿಂದ ಕೀವಿಲ್ಲ, ತೂತು ಮುಚ್ಚಿದೆ. ದಿನಾ ಬೆಳಿಗ್ಗೆ ಬಾತ್‌ರೂಮಿನಲ್ಲಿ ಕೈಗನ್ನಡಿ ಹಿಡಿದು ನೋಡಿಕೊಳ್ಳುತ್ತೇನೆ. ಖುಷಿಯಿಂದ ಹೋದರೆ ಡಾಕ್ಟರು ಎಂಆರ್‌ಐ ನೋಡಿ, ಒಳಗೆ ದಾರಿ ಇನ್ನೂ ಇದೆ, ಔಷಧ ನಿಲ್ಲಿಸುವ ಹಾಗಿಲ್ಲ ಅಂದುಬಿಟ್ಟರು. ಊರಿಗೆ ಬಾ, ಕ್ಷಾರಸೂತ್ರ ಹಾಕಿಸಿದರೆ ಬುಡಸಮೇತ ಹೋಗುತ್ತೆ ಅಂತ ಅಮ್ಮ. ಅತ್ತೆಗೆ ಪೈಲ್ಸ್ ಅಂತಷ್ಟೇ ಹೇಳಿದ್ದೇವೆ. ಖಾರ ಬಿಡು, ಚಿಂತೆ ಬಿಡು ಅನ್ನುತ್ತಾರೆ. ನಮಗೆ ಮಗು ಬೇಕು. ಇದು ವಾಸಿಯಾಗಿದೆಯೋ ಇಲ್ಲವೋ? ಇನ್ನೆಷ್ಟು ದಿನ ಕಾಯಬೇಕು?*

*– ಹೆಸರು ಬೇಡ, ಫ್ರೀಮ್ಯಾಂಟಲ್*

ತಂಗೀ, ನಿಮ್ಮ ಕನ್ನಡಿಯೂ ಸುಳ್ಳು ಹೇಳಿಲ್ಲ, ಡಾಕ್ಟರೂ ಸುಳ್ಳು ಹೇಳಿಲ್ಲ. ನಾನು ಚಿಕ್ಕವಳಿದ್ದಾಗ ಅಂಗಾಲಿಗೆ ಮುಳ್ಳು ಚುಚ್ಚಿ ಕುರುವಾಗಿತ್ತು. ನಾಲ್ಕು ದಿನಕ್ಕೆ ಮೇಲೆ ಚರ್ಮ ಕೂಡಿಕೊಂಡಿತು. ಅಜ್ಜಿ ಅಷ್ಟಕ್ಕೆ ಬಿಡದೆ ಹೆಬ್ಬೆರಳಲ್ಲಿ ಸುತ್ತ ಒತ್ತಿ ನೋಡಿ, "ಮುಚ್ಚಿದೆ ಕಣೇ, ಮಾಯ್ದಿಲ್ಲ" ಅಂದಳು. ನಿಮ್ಮ ಡಾಕ್ಟರು ಎಂಆರ್‌ಐ ನೋಡಿ ಹೇಳಿದ್ದೂ ಅದೇ ಮಾತು.

ಫಿಸ್ಟುಲಾ ಎಂದರೆ ಕರುಳಿನ ಕೊನೆಯಿಂದ ಚರ್ಮದವರೆಗೆ ಬಿದ್ದ ಸುರಂಗ. ನಡುವೆ ಅದು ಮಲವನ್ನು ಹಿಡಿದಿಡುವ ಬಿಗಿ ಸ್ನಾಯುವನ್ನು ತೂರಿಕೊಂಡು ಬಂದಿರುತ್ತದೆ. ಔಷಧ ಹಿಡಿಯಿತೆಂದರೆ ಮೊದಲು ಕೀವು ನಿಲ್ಲುತ್ತದೆ, ಚರ್ಮದ ಬಾಯಿ ಕೂಡುತ್ತದೆ. ಸುರಂಗದ ಒಳಗೋಡೆ ಒಣಗಿ ಗಟ್ಟಿ ನಾರಾಗುವುದು ಬಹಳ ನಿಧಾನ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ 1835ರಿಂದ ಈ ಜಾಗದ ಕಾಯಿಲೆಗಳಿಗೇ ಹೆಸರಾದದ್ದು. ಅಲ್ಲಿನವರು ಇಂಥ ರೋಗಿಗಳಿಗೆ ವರ್ಷಗಟ್ಟಲೆ ಎಂಆರ್‌ಐ ಮಾಡಿ ನೋಡಿದಾಗ, ಹೊರಗೆ ಮುಚ್ಚಿದ ಮೇಲೆ ಒಳಗೆ ಮಾಯಲು ಇನ್ನೂ ಸುಮಾರು ಒಂದು ವರ್ಷ ಹಿಡಿದಿತ್ತು. ನಿಮಗಾಗಿರುವುದು ಐದು ತಿಂಗಳು. ಇದನ್ನು ಸೋಲು ಎನ್ನುವುದಕ್ಕೆ ಇನ್ನೂ ಕಾಲ ಬಂದಿಲ್ಲ.

ಹಾಗೆಂದು ಖಂಡಿತ ಮಾಯುತ್ತದೆ ಎಂದು ಮಾತು ಕೊಡುವುದಕ್ಕೂ ನನಗೆ ಮನಸ್ಸಿಲ್ಲ. 2004ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಇನ್‌ಫ್ಲಿಕ್ಸಿಮ್ಯಾಬ್‌ನ ಮೊದಲ ಡೋಸುಗಳಿಗೆ ಗುಣ ಕಂಡವರನ್ನು ಎರಡು ಗುಂಪು ಮಾಡಿದರು. ಔಷಧ ಮುಂದುವರಿಸಿದವರಲ್ಲಿ ನೂರಕ್ಕೆ 36 ಮಂದಿಗೆ 54ನೇ ವಾರದಲ್ಲಿ ಒಂದು ತೂತೂ ಸೋರುತ್ತಿರಲಿಲ್ಲ. ಬರೀ ಹುಸಿ ಡ್ರಿಪ್ ಹಾಕಿಸಿಕೊಂಡವರಲ್ಲಿ ಅದು 19. ಅದೂ ಹೊರಗಣ್ಣಿಗೆ ಕಂಡ ಲೆಕ್ಕ. 2022ರಲ್ಲಿ ಯುರೋಪಿನವರು ಎಂಆರ್‌ಐಯನ್ನೇ ಅಳತೆಗೋಲು ಮಾಡಿಕೊಂಡು ನೋಡಿದರು: ಈ ಜಾತಿಯ ಔಷಧವೊಂದನ್ನೇ ನಂಬಿದವರಲ್ಲಿ 18 ತಿಂಗಳಿಗೆ ಪೂರ್ತಿ ಮಾಯ್ದದ್ದು ನೂರಕ್ಕೆ 9 ಮಂದಿಗೆ. ಕೆಲವು ತಿಂಗಳು ಔಷಧ ಕೊಟ್ಟು, ಜೊತೆಗೆ ಒಳಬಾಯಿಯನ್ನು ಆಪರೇಷನ್ ಮಾಡಿ ಮುಚ್ಚಿದವರಲ್ಲಿ 32. ಅದಕ್ಕೇ ಮುಂದಿನ ಸಲ ಹೋದಾಗ ಕೇಳಿ, ಒಳಬಾಯಿ ಮುಚ್ಚುವ ಆಪರೇಷನ್ ನನಗೆ ಹೊಂದುತ್ತದೆಯೇ ಎಂದು. ಎಲ್ಲರಿಗೂ ಹೊಂದುವುದಿಲ್ಲ, ದೊಡ್ಡಕರುಳಿನ ಕೊನೆಯ ಭಾಗದಲ್ಲಿ ಉರಿಯೂತ ಇದ್ದರೆ ಮುಟ್ಟುವುದೇ ಇಲ್ಲ. ರಕ್ತದಲ್ಲಿ ಔಷಧ ಎಷ್ಟು ಉಳಿದಿದೆ ಎಂದೂ ಕೇಳಿ. ಕರುಳಿಗೆ ಸಾಕಾಗುವ ಮಟ್ಟ ಫಿಸ್ಟುಲಾಕ್ಕೆ ಎಷ್ಟೋ ಸಲ ಸಾಲುವುದಿಲ್ಲ. ಡೋಸ್ ಹೆಚ್ಚಿಸಿದರೋ ಡ್ರಿಪ್‌ಗಳ ನಡುವಿನ ವಾರ ಕಡಿಮೆ ಮಾಡಿದರೋ ನಿಂತಿದ್ದ ಬಂಡಿ ಮತ್ತೆ ಹೊರಡುವುದುಂಟು.

ನೆಂಟರು ಕಾಂಡಕೋಶದ (ಸ್ಟೆಮ್ ಸೆಲ್) ಚುಚ್ಚುಮದ್ದಿನ ಸುದ್ದಿ ಕಳಿಸಿದರೆ ಓದಿ ಪಕ್ಕಕ್ಕಿಡಿ. 2018ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆದ ಆ ಚುಚ್ಚುಮದ್ದು ಎರಡನೇ ಪರೀಕ್ಷೆಯಲ್ಲಿ ಸೋತು 2024ರ ಕೊನೆಗೆ ಮಾರುಕಟ್ಟೆಯಿಂದಲೇ ಹೋಯಿತು.

ನಿಮ್ಮಷ್ಟಕ್ಕೆ ನೀವೇ ಡ್ರಿಪ್ ಮಾತ್ರ ನಿಲ್ಲಿಸಬೇಡಿ. ಒಳಗೆ ದಾರಿ ಇರುವಾಗ ಬಿಟ್ಟವರಿಗೆ ಎಷ್ಟೋ ಸಲ ಅದೇ ದಾರಿಯಲ್ಲಿ ಕೀವು ಮತ್ತೆ ಇಳಿಯುತ್ತದೆ. ನಡುವೆ ಬಿಟ್ಟು ಹಿಡಿದರೆ ಮೈಯಲ್ಲಿ ಔಷಧದ ವಿರುದ್ಧವೇ ಪ್ರತಿಕಾಯಗಳು ಹುಟ್ಟಿಕೊಂಡು, ಮರಳಿ ಶುರು ಮಾಡಿದಾಗ ಅದು ಕೆಲಸ ಮಾಡದೆ ಹೋಗಬಹುದು, ಅಲರ್ಜಿಯೂ ಆಗಬಹುದು. ಇನ್ನೊಂದು ಲೌಕಿಕ ಕಾರಣ. ಆಸ್ಟ್ರೇಲಿಯದ ಸರ್ಕಾರ ಪಿಬಿಎಸ್ ಯೋಜನೆಯಲ್ಲಿ ಈ ದುಬಾರಿ ಔಷಧದ ಬಹುಪಾಲು ಖರ್ಚು ಹೊರುತ್ತದೆ. ಮುಂದುವರಿಸಬೇಕೆಂದರೆ ಸೋರುವ ತೂತುಗಳು ಅರ್ಧಕ್ಕರ್ಧ ಕಡಿಮೆಯಾಗಿರಬೇಕು, ಅಥವಾ ಸೋರಿಕೆ ಚೆನ್ನಾಗಿ ತಗ್ಗಿರಬೇಕು ಎಂದು ಲೆಕ್ಕ ಕೇಳುತ್ತದೆ. ನೀವು ಆ ಲೆಕ್ಕದಲ್ಲಿ ಪಾಸಾಗಿದ್ದೀರಿ. ಸಿಕ್ಕಿದ್ದನ್ನು ಕೈಯಾರೆ ಕಳೆದುಕೊಳ್ಳಬೇಡಿ.

ಅಮ್ಮನ ಕ್ಷಾರಸೂತ್ರಕ್ಕೆ ಬರೋಣ. ನಮ್ಮ ಕಡೆ ಬಸ್ ಸ್ಟ್ಯಾಂಡಿನ ಪಕ್ಕದ ಗೋಡೆಗಳಲ್ಲಿ "ಮೂಲವ್ಯಾಧಿ, ಫಿಶರ್, ಭಗಂದರ: ಆಪರೇಷನ್ ಇಲ್ಲದೆ" ಎಂದು ಬರೆದಿರುತ್ತದಲ್ಲ, ಅದನ್ನು ನೋಡಿ ಇಡೀ ಪದ್ಧತಿಯನ್ನೇ ನಗೆಯಾಡುವುದು ಸರಿಯಲ್ಲ. ಸುಶ್ರುತ ಭಗಂದರದಲ್ಲಿ, ಅಂದರೆ ಫಿಸ್ಟುಲಾದಲ್ಲಿ, ಐದು ಬಗೆ ಹೇಳಿದ್ದಾನೆ, ಕ್ಷಾರ ಹಚ್ಚಿದ ದಾರದ ಮಾತನ್ನೂ ಆಡಿದ್ದಾನೆ. 1960ರ ದಶಕದಲ್ಲಿ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ. ಜೆ. ದೇಶಪಾಂಡೆ ಅದಕ್ಕೆ ಮರುಜೀವ ಕೊಟ್ಟರು. ಕಳ್ಳಿ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನ, ಒಟ್ಟು 21 ಲೇಪ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ದಾರದ ಚಿಕಿತ್ಸೆಗೆ ಆಪರೇಷನ್ನಿಗಿಂತ ಹೆಚ್ಚು ವಾರ ಹಿಡಿಯಿತು. ಕಾಯಿಲೆ ಮರಳಿದ್ದು ಮಾತ್ರ ಕಡಿಮೆ.

ಆದರೆ ಅದು ಸಾಮಾನ್ಯ ಭಗಂದರದ ಮಾತು. ಅಲ್ಲಿ ಗುದದೊಳಗಿನ ಸಣ್ಣ ಗ್ರಂಥಿಯೊಂದು ಕೀವಾಗಿ ದಾರಿ ಮಾಡಿಕೊಂಡಿರುತ್ತದೆ, ಆ ದಾರಿ ಹೋದರೆ ಕಾಯಿಲೆಯೂ ಹೋಯಿತು. ನಿಮ್ಮದರ ಬೇರು ಕರುಳಿನಲ್ಲಿದೆ. ನಿಮ್ಮ ಡಾಕ್ಟರು ಹಾಕಿದ್ದ ದಾರವನ್ನು ನೆನಪಿಸಿಕೊಳ್ಳಿ. ಅದು ಸಡಿಲವಾಗಿ ಬಳೆಯ ಹಾಗಿತ್ತು, ಸ್ನಾನ ಮಾಡುವಾಗ ಬೆರಳಿಗೆ ಆಚೀಚೆ ಜರುಗುತ್ತಿತ್ತು ಅಲ್ಲವೇ? ಅದರ ಕೆಲಸ ಬಾಯಿ ತೆರೆದಿಟ್ಟು ಕೀವು ಹರಿಯಗೊಡುವುದು. ಕ್ಷಾರಸೂತ್ರ ವಾರವಾರಕ್ಕೆ ಬದಲಾಗುತ್ತಾ ಮಾಂಸವನ್ನು ಮೆಲ್ಲಗೆ ಕೊಯ್ಯುತ್ತಾ ಬರುತ್ತದೆ. ಕ್ರೋನ್ಸ್ ಇರುವವರಿಗೆ ಹಾಗೆ ಕೊಯ್ದ ಜಾಗ ಕೂಡಿಕೊಳ್ಳದೆ ಹುಣ್ಣಾಗಿ ಉಳಿಯುವ ಅಪಾಯವಿದೆ. ಬಿಗಿ ಸ್ನಾಯು ತುಂಡಾದರೆ ಮಲ ತಡೆದುಕೊಳ್ಳುವ ಶಕ್ತಿಯೇ ಹೋಗಬಹುದು. ಎರಡೂ ದಾರವೇ, ಕೆಲಸ ಬೇರೆ ಬೇರೆ. ಅಮ್ಮನಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತದೆ. ಅವರು ಮೊಂಡು ಹಿಡಿದಿಲ್ಲ, ಹೆದರಿದ್ದಾರೆ.

ಇನ್ನು ಅತ್ತೆಯವರ ಖಾರ ಮತ್ತು ಚಿಂತೆ. ನಿಮ್ಮೂರಿನದೇ ಒಂದು ಕತೆ ಇದೆ. ಹೊಟ್ಟೆಯ ಅಲ್ಸರಿಗೂ ಜಗತ್ತೆಲ್ಲ ಹೀಗೇ ಖಾರ, ಚಿಂತೆ ಅನ್ನುತ್ತಿದ್ದ ಕಾಲ. 1984ರಲ್ಲಿ ಫ್ರೀಮ್ಯಾಂಟಲ್ ಆಸ್ಪತ್ರೆಯಲ್ಲಿದ್ದ ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಕುಡಿದು, ಹೊಟ್ಟೆ ಕೆಡಿಸಿಕೊಂಡು, ಎಂಡೋಸ್ಕೋಪಿ ಮಾಡಿಸಿಕೊಂಡು ಜಠರದ ಉರಿಯೂತ ತೋರಿಸಿದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಕ್ರೋನ್ಸ್‌ಗೆ ಅಂಥ ಒಂದೇ ಕ್ರಿಮಿ ಸಿಕ್ಕಿಲ್ಲ. ಒಂದು ವಾರದ ಮಾತ್ರೆಗೆ ಹೋಗುವ ಕಾಯಿಲೆಯೂ ಅಲ್ಲ. ಆದರೆ ನಿಮ್ಮ ಸಾರಿನ ಖಾರದಿಂದ ಸುರಂಗ ಬಿದ್ದಿಲ್ಲ. ಖಾರ ತಿಂದ ದಿನ ಉರಿದರೆ ಕಡಿಮೆ ಮಾಡಿ, ಅಷ್ಟೆ. ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ ಜಗಳ ಅದರ ಮೇಲಿರಲಿ. ಅತ್ತೆಗೆ ಕಾಯಿಲೆಯ ಹೆಸರನ್ನಾದರೂ ಹೇಳಿ. ಪೈಲ್ಸ್ ಅಂದರೆ ಪೈಲ್ಸಿನ ಸಲಹೆಯೇ ಬರುವುದು.

ಮಗುವಿನ ವಿಷಯಕ್ಕೆ ಒಳದಾರಿ ಪೂರ್ತಿ ಮಾಯುವವರೆಗೂ ಕಾಯಲೇಬೇಕೆಂದಿಲ್ಲ. ಕಾಯಿಲೆ ಹಿಡಿತದಲ್ಲಿರುವಾಗ ಬಸಿರಾಗುವುದು ಒಳ್ಳೆಯದು, ಇನ್‌ಫ್ಲಿಕ್ಸಿಮ್ಯಾಬನ್ನು ಬಸಿರಿನಲ್ಲೂ ಮುಂದುವರಿಸುವುದು ಈಗಿನ ಪದ್ಧತಿ. ಜೊತೆಗೆ ಮೆಥೊಟ್ರೆಕ್ಸೇಟ್ ಮಾತ್ರೆ ಇದ್ದರೆ ಮಾತ್ರ ಪ್ರಯತ್ನಕ್ಕೆ ಮೊದಲೇ ನಿಲ್ಲಬೇಕು, ಡಾಕ್ಟರಿಗೆ ತಿಳಿಸಿಯೇ. ಹೆರಿಗೆ ಹೊತ್ತಿಗೆ ಫಿಸ್ಟುಲಾ ಸೋರುತ್ತಿದ್ದರೆ ಸಿಸೇರಿಯನ್ ಅನ್ನುತ್ತಾರೆ. ಬಾಣಂತನಕ್ಕೆ ಹಾಸನಕ್ಕೆ ಹೋಗುವ ಯೋಚನೆಯಿದ್ದರೆ ಒಂದು ಮಾತು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಹುಟ್ಟಿದ ಮಗುವಿಗೆ ಹಾಕುವ ಬಿಸಿಜಿ ಜೀವಂತ ಲಸಿಕೆ. ಬಸಿರಿನಲ್ಲಿ ಈ ಔಷಧ ತೆಗೆದುಕೊಂಡ ತಾಯಿಯ ಕೂಸಿಗೆ ಅದನ್ನು ಒಂದು ವರ್ಷ ತುಂಬುವವರೆಗೆ ಹಾಕಿಸಬಾರದು.

ಮುಚ್ಚಿದ ಜಾಗ ಮತ್ತೆ ಊದಿಕೊಂಡು ಪಟಪಟ ಬಡಿಯುವ ನೋವು, ಜ್ವರ ಬಂದರೆ ಒಳಗೆ ಕೀವು ಕಟ್ಟಿದೆ ಎಂದರ್ಥ. ಬಿಸಿನೀರಿನ ಟಬ್ಬಿನಲ್ಲಿ ಕೂತು ಬೆಳಗು ಮಾಡಬೇಡಿ. ಫ್ರೀಮ್ಯಾಂಟಲ್ ಆಸ್ಪತ್ರೆಯ ಎಮರ್ಜೆನ್ಸಿ 2015ರಲ್ಲೇ ಮುಚ್ಚಿದೆ. ಮರ್ಡಾಕ್‌ನ ಫಿಯೋನಾ ಸ್ಟಾನ್ಲಿಗೆ ಹೋಗಿ. ಹಾಗೇನೂ ಇಲ್ಲದ ದಿನ ಕೈಗನ್ನಡಿಯನ್ನು ಡ್ರಾಯರಿನಲ್ಲಿಡಿ. ದಿನಾ ನೋಡಿದರೂ ಅದು ಚರ್ಮ ಬಿಟ್ಟು ಬೇರೇನೂ ತೋರಿಸದು. ವಾರಕ್ಕೊಮ್ಮೆ ಸಾಕು. ಆ ಹೊತ್ತಿನಲ್ಲಿ ಸೌತ್ ಬೀಚ್‌ಗೆ ಹೋಗಿ ನಡೆದಾಡಿ, ಈಜಲು ಬಂದರೆ ಈಜಿ.

ಊರಿಗೂ ಹೋಗಿ ಬನ್ನಿ, ಎರಡು ಡ್ರಿಪ್‌ಗಳ ನಡುವಿನ ಎಂಟು ವಾರದಲ್ಲಿ. ಹೊರಡುವ ಮೊದಲು ಟೈಫಾಯ್ಡ್ ಲಸಿಕೆ ಹಾಕಿಸಿಕೊಳ್ಳುವುದಾದರೆ ನುಂಗುವ ಕ್ಯಾಪ್ಸೂಲ್ ಬೇಡ, ಅದೂ ಜೀವಂತ ಲಸಿಕೆಯೇ. ಚುಚ್ಚುವ ಲಸಿಕೆ ಕೇಳಿ. ಎಂಆರ್‌ಐನ ಒಂದು ಪ್ರತಿಯನ್ನು ಫೋನಿಗೆ ಹಾಕಿಸಿಕೊಂಡು ಹೋಗಿ. ಅಮ್ಮ ಕ್ಷಾರಸೂತ್ರದ ಮಾತೆತ್ತಿದಾಗ ಪಕ್ಕದಲ್ಲಿ ಕೂತು, ಆ ಬೂದು ಚಿತ್ರದಲ್ಲಿ ಬೆಳ್ಳಗೆ ಕಾಣುವ ಗೆರೆಯ ಮೇಲೆ ಅವರ ಬೆರಳಿಟ್ಟು ತೋರಿಸಿ.